ಕುತ್ತಿಗೆಯಿಂದ ನಡೆದ ಹೋಟೆಲು

ಬಾಯಿ ತೆರೆಯದೆ ಒಂದು ಹೋಟೆಲನ್ನು ನಡೆಸಬಹುದು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಸಾಂತಾಕ್ರೂಜ್ ಸ್ಟೇಷನ್ನಿನ ಪಶ್ಚಿಮಕ್ಕೆ, ರಿಕ್ಷಾಗಳು ಸಾಲುಗಟ್ಟುವ ಗಲ್ಲಿಯಲ್ಲಿ ನಮ್ಮ ಉಡುಪಿ ಹೋಟೆಲು. ಅದರ ಗಲ್ಲಾದ ಮೇಲೆ ಕೂತು ಕೂತೇ ನನ್ನ ತಲೆ ಬೆಳ್ಳಗಾಯಿತು. ಆ ಹೋಟೆಲು ನಡೆದದ್ದು ಧಣಿಗಳ ದುಡ್ಡಿನಿಂದ ಎಂದು ಧಣಿಗಳು ತಿಳಿದಿದ್ದರು, ಸಾಂಬಾರಿನಿಂದ ಎಂದು ಗಿರಾಕಿಗಳು ತಿಳಿದಿದ್ದರು. ನಿಜವಾಗಿ ನಡೆಸಿದ್ದು ನಮ್ಮ ಸೂಪರ್‌ವೈಸರ್ ದೊಡ್ಡಣ್ಣನ ಕುತ್ತಿಗೆ.

ದೊಡ್ಡಣ್ಣ ತೀರಿಕೊಂಡು ಒಂದು ತಿಂಗಳಾಯಿತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಅಲ್ಲಿಂದಲೇ ಗದರುತ್ತಾರೆ. "ನಾಲ್ಕು ಜನರ ಎದುರು ಹೆಸರು ಕೂಗ್ಲಿಕ್ಕೆ ಇದೇನು ಕೋರ್ಟಾ?" ಎಂದು ಅವರು ವೇಟರುಗಳಿಗೆ ಗದರುತ್ತಿದ್ದುದು ನನಗಿನ್ನೂ ಕೇಳಿಸುತ್ತದೆ. ಗದರುವುದೂ ಪಿಸುದನಿಯಲ್ಲೇ.

ಬೇರೆ ಹೋಟೆಲುಗಳಲ್ಲಿ ನೀವು ನೋಡಿರಬಹುದು. ವೇಟರ್ ಮೇಜಿನ ಹತ್ತಿರ ನಿಂತೇ "ಏಕ್ ಮಸಾಲಾ, ದೋ ಇಡ್ಲೀ, ಏಕ್ ಉಪ್ಮಾ ಜಲ್ದೀ!" ಎಂದು ಒಳಗಿನವರಿಗೆ ಕಿರುಚುತ್ತಾನೆ. ಈ ಕಿರುಚಾಟ ದೊಡ್ಡಣ್ಣನಿಗೆ ಆಗದು. "ತಿನ್ನುವವ ಏನು ತಿಂತಾನೆ ಅಂತ ಊರಿಗೆಲ್ಲ ಯಾಕೆ ಗೊತ್ತಾಗ್ಬೇಕು?" ಎನ್ನುವುದು ಅವರ ಸಿದ್ಧಾಂತ. ಅದರಲ್ಲಿ ಹುರುಳಿಲ್ಲದಿರಲಿಲ್ಲ. ಸಕ್ಕರೆ ಕಾಯಿಲೆಯ ಗಿರಾಕಿಯೊಬ್ಬರು ಹೆಂಡತಿಯನ್ನು ಹೊರಗಿನ ಮೇಜಿನಲ್ಲಿ ಕೂರಿಸಿ, ಕೈ ತೊಳೆಯುವ ನೆಪದಲ್ಲಿ ಒಳಗೆ ಬಂದು ನಿಂತಲ್ಲೇ ಶೀರಾ ತಿಂದು ಹೋಗುತ್ತಿದ್ದರು. ಅವರ ಸಂಸಾರ ಉಳಿದದ್ದು ನಮ್ಮ ಹೋಟೆಲಿನ ಮೌನದಿಂದ.

ಕ್ರಮ ಹೀಗಿತ್ತು. ಊಟದ ಹಾಲ್‌ನ ನಡುವೆ, ಕಂಬದ ಪಕ್ಕ ದೊಡ್ಡಣ್ಣ ನಿಲ್ಲುವುದು. ಅವರ ಬಲಕ್ಕೆ ಅಡುಗೆಮನೆಯ ಕಿಂಡಿ. ವೇಟರ್ ಅವರ ಪಕ್ಕದಿಂದ ಹಾದುಹೋಗುತ್ತ ಮೆಲ್ಲಗೆ ಆರ್ಡರ್ ಹೇಳಬೇಕು. ಅವರು ಕಿಂಡಿಯಲ್ಲಿ ಕಾಣುವ, ದೋಸೆ ಹಾಕುವ ಭಟ್ಟನಿಗೆ ಗೋಣಿನಲ್ಲಿ ತಿಳಿಸಬೇಕು. ತಲೆ ಹಿಂದಕ್ಕೆ ವಾಲಿದರೆ ಇಡ್ಲಿ. ಎಡಕ್ಕೆ ಬಾಗಿದರೆ ಕಾಫಿ. ಗದ್ದ ಒಳಕ್ಕೆಳೆದುಕೊಂಡರೆ ಉಪ್ಪಿಟ್ಟು. ಮೋರೆ ಬಲಕ್ಕೆ ಅರ್ಧ ತಿರುಗಿದರೆ ಸಾದಾ ದೋಸೆ, ಗದ್ದ ಭುಜಕ್ಕೆ ಮುಟ್ಟುವಷ್ಟು ಪೂರ್ತಿ ತಿರುಗಿದರೆ ಮಸಾಲೆದೋಸೆ. ಎಷ್ಟನೇ ಮೇಜು ಎಂಬುದನ್ನು ಬೆರಳು ಹೇಳುತ್ತಿತ್ತು. ಹೊಸಬರಿಗೆ ಈ ಮನುಷ್ಯನಿಗೆ ಏನೋ ವಾಯುವಿನ ತೊಂದರೆ ಇದೆ ಎಂದೇ ಅನ್ನಿಸುತ್ತಿತ್ತು. ಆದರೆ ಭಾನುವಾರ ಬೆಳಿಗ್ಗೆ ಹಾಲ್ ತುಂಬಿ, ಹೊರಗೆ ಜನ ಕ್ಯೂ ನಿಂತಿರುವಾಗ, ಒಂದು ಕೂಗಿಲ್ಲದೆ ತಟ್ಟೆಗಳು ಬರುವುದನ್ನು ನೋಡಬೇಕಿತ್ತು ನೀವು. ನನಗಂತೂ ಗಲ್ಲಾದಲ್ಲಿ ಚಿಲ್ಲರೆ ಕೊಡುವುದೇ ಮರೆತುಹೋಗುತ್ತಿತ್ತು.

ವಯಸ್ಸು ಎಂಬುದು ಯಾರಿಗೂ ಹೇಳಿ ಬರುವುದಿಲ್ಲವಲ್ಲ. ದೊಡ್ಡಣ್ಣನಿಗೆ ಅರವತ್ತು ದಾಟಿದ ಮೇಲೆ ಅದು ನೇರ ಕುತ್ತಿಗೆಗೇ ಬಂದು ಕೂತಿತು. ಮೊದಲು ಬೆಳಿಗ್ಗೆ ಎದ್ದಾಗ ಮಾತ್ರ ಬಿಗಿ. ಆಮೇಲೆ ಇಡೀ ದಿನ. ಹಿಂದಿನಿಂದ ಯಾರಾದರೂ ಕರೆದರೆ ತಲೆ ತಿರುಗಿಸುವ ಬದಲು ಕಬ್ಬಿಣದ ಬೀರು ಸರಿಸಿದ ಹಾಗೆ ಇಡೀ ಮೈಯನ್ನು ತಿರುಗಿಸುತ್ತಿದ್ದರು. ರಸ್ತೆ ದಾಟುವಾಗ ಬಲಗಡೆಯ ವಾಹನ ಕಾಣದೆ, ಒಮ್ಮೆ ರಿಕ್ಷಾದವನಿಂದ "ಚಾಚಾ, ಘರ್ ಮೇ ಬೋಲ್ ಕೇ ಆಯೇ ಕ್ಯಾ?" ಎಂದು, ಸಾಯಲು ಮನೆಯಲ್ಲಿ ಹೇಳಿ ಬಂದಿದ್ದೀಯಾ ಎಂಬರ್ಥದಲ್ಲಿ, ಬೈಸಿಕೊಂಡರು.

ಅವರು ಮಾತ್ರ ದಿಂಬನ್ನು ದೂರಿದರು. ಭಾಂಡುಪಿನ ಅವರ ಮನೆಯಲ್ಲಿ ದಿಂಬುಗಳ ಮೆರವಣಿಗೆಯೇ ನಡೆಯಿತು. ಹತ್ತಿ ದಿಂಬು, ಬೂರುಗದ ದಿಂಬು, ಕೊನೆಗೆ ಸುತ್ತಿದ ಟವಲ್ಲು. ದಿಂಬಿನ ತಪ್ಪಿಲ್ಲ ಎಂದು ಖಾತ್ರಿಯಾದ ಮೇಲೆ ಫ್ಯಾನಿನ ಗಾಳಿಯನ್ನು ದೂರಿದರು. ಅವರ ಹೆಂಡತಿ, ನಾವೆಲ್ಲ ಅತ್ತಿಗೆ ಎನ್ನುತ್ತಿದ್ದೆವು, ಒಂದು ದಿನ ಟಿಫಿನ್ ಡಬ್ಬಿ ಕೊಡಲು ಹೋಟೆಲಿಗೇ ಬಂದಾಗ ನನ್ನ ಹತ್ತಿರ ಹೇಳಿದರು: "ಫ್ಯಾನೂ ಇಲ್ಲ, ಎಂಥದೂ ಇಲ್ಲ. ಜನ್ಮ ಇಡೀ ಗೋಣಲ್ಲೇ ಊರು ಆಳಿದ್ರಲ್ಲ, ಅದು ಸವೆದು ಹೋಗಿದೆ. ನಂಗೆ ಚಾ ಬೇಕಾ ಅಂತ ಬಾಯಿ ಬಿಟ್ಟು ಕೇಳಿದ್ದುಂಟಾ ಇವ್ರು ಒಂದು ದಿನ?"

ಹೋಟೆಲಿನಲ್ಲಿ ಗಲಿಬಿಲಿ ಶುರುವಾಯಿತು. ಗದ್ದ ಭುಜ ಮುಟ್ಟುವುದು ನಿಂತಿತು. ಮಸಾಲೆ ಕೇಳಿದವರಿಗೆಲ್ಲ ಸಾದಾ ಹೋಗತೊಡಗಿತು. ದೋಸೆ ಹಾಕುವವನು ವಿಜಾಪುರದ ಕಡೆಯವನು, ಒಳ್ಳೆಯ ಕೈ, ಆದರೆ ಮುಂಗೋಪಿ. ಚಿಕ್ಕ ಧಣಿ ಅವನನ್ನು ಬೈದಾಗ ಅವನು ಸಟ್ಟುಗ ಹಿಡಿದೇ ಹೊರಗೆ ಬಂದ.

"ನನಗ್ಯಾಕ ಬೈತೀರಿ? ಅಣ್ಣಾರ ಗೋಣ ಅರ್ಧ ಹೊಳ್ಳಿದ್ರ ಸಾದಾ, ಪೂರಾ ಹೊಳ್ಳಿದ್ರ ಮಸಾಲಿ. ಈಗ ಎಲ್ಲಾ ಅರ್ಧಕ್ಕ ನಿಂತಾವ. ನಾ ಏನ್ ಕನಸ ಕಾಣ್ಲಾ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಪಾಪ, ಅವನಾದರೂ ಏನು ಮಾಡಿಯಾನು?

ಚಿಕ್ಕ ಧಣಿ ಎಂದರೆ ಹಳೆಯ ಧಣಿಗಳ ಮಗ. ಕೆಟ್ಟವನಲ್ಲ. ಆದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿಕೊಂಡು ಬಂದಿದ್ದ. ಓದಿದವರಿಗೆ ಓದಿದ್ದನ್ನು ಎಲ್ಲಾದರೂ ಒಂದು ಕಡೆ ಇಳಿಸಬೇಕಲ್ಲ. ವೇಟರುಗಳ ಕೈಗೆ ಟ್ಯಾಬ್ಲೆಟ್ ಕೊಡುತ್ತೇನೆ, ಆರ್ಡರ್ ಒತ್ತಿದರೆ ಅಡುಗೆಮನೆಯಲ್ಲಿ ಚೀಟಿ ಬರುತ್ತದೆ ಎಂದ. ಪೆಟ್ಟಿಗೆಗಳೂ ಬಂದು ಅವನ ಕ್ಯಾಬಿನ್ನಿನಲ್ಲಿ ಕೂತವು. ಒಂದು ಮಧ್ಯಾಹ್ನ ದೊಡ್ಡಣ್ಣನನ್ನು ಕರೆದು ಬಹಳ ಪ್ರೀತಿಯಿಂದಲೇ ಹೇಳಿದ: "ಅಂಕಲ್, ನೀವಿನ್ನು ನಿಲ್ಲೋದು ಬೇಡ. ಬಾಗಿಲ ಹತ್ರ ಒಂದು ಒಳ್ಳೆ ಚೇರ್ ಹಾಕಿಸ್ತೇನೆ. ಬಂದವರಿಗೆ ನಮಸ್ಕಾರ ಮಾಡ್ತಾ ಕೂತ್ಕೊಳ್ಳಿ, ಬಸ್."

"ಗಣಪತಿ ಹಬ್ಬದ ತನಕ ಟೈಮ್ ಕೊಡಿ. ಅಷ್ಟರಲ್ಲಿ ಸರಿ ಮಾಡ್ಕೊಳ್ತೇನೆ" ಎಂದರು ದೊಡ್ಡಣ್ಣ.

ಚಿಕ್ಕ ಧಣಿ ಒಪ್ಪಿದ. ಹಬ್ಬ ಮುಗಿದ ಮೇಲಿನ ಭಾನುವಾರ ತಾನೇ ಬಂದು ನಿಂತು ನೋಡುವುದು, ಆರ್ಡರ್ ತಪ್ಪಿದರೆ ಮಾರನೇ ದಿನದಿಂದ ಚೇರು ಎಂದು ತೀರ್ಮಾನವಾಯಿತು.

ಆ ಸಂಜೆ ದೊಡ್ಡಣ್ಣ ನನ್ನ ಗಲ್ಲಾದ ಪಕ್ಕ ಬಂದು ನಿಂತರು. ಮುಖ ಸಣ್ಣಗಾಗಿತ್ತು.

"ಕೂತವ ಗಿರಾಕಿ, ನಿಂತವ ಸೂಪರ್‌ವೈಸರ್. ಹುಡುಗ ನನ್ನನ್ನು ಕೂರಿಸ್ಲಿಕ್ಕೆ ಹೊರಟಿದ್ದಾನೆ. ಬಾಗಿಲಲ್ಲಿ ಕೂತು ಕೈ ಮುಗಿಲಿಕ್ಕೆ ನಾನೇನು ಗೊಂಬೆಯಾ? ಹಾಗೆ ಕೂತ್ರೆ ಮತ್ತೆ ನಾನು ಯಾರು ಮಾರಾಯ?"

ಹಾಗೆ ಅವರು ಯಾರನ್ನೂ ಏನನ್ನೂ ಕೇಳಿದವರಲ್ಲ.

ಕುತ್ತಿಗೆ ನೋವು ಎಂದು ಒಬ್ಬರ ಕಿವಿಗೆ ಬಿದ್ದರೆ ಸಾಕು, ಮುಂಬಯಿಯಲ್ಲಿ ಎಲ್ಲರೂ ವೈದ್ಯರೇ. ಹಾಲಿನವನು ಎಣ್ಣೆ ಹೇಳಿದ, ಪೇಪರಿನವನು ಪಟ್ಟಿ ಹೇಳಿದ, ಶೀರಾ ಗಿರಾಕಿ ಯೋಗ ಹೇಳಿದರು. ದೊಡ್ಡಣ್ಣ ಯಾರ ಮಾತನ್ನೂ ಕೇಳದೆ, ಯಾರಿಗೂ ಹೇಳದೆ ಸ್ಟೇಷನ್ ಪಕ್ಕದ ಸಲೂನಿಗೆ ಹೋದರು. ಅಲ್ಲಿ ತಲೆಗೆ ಎಣ್ಣೆ ತಿಕ್ಕಿ ಚಂಪಿ ಮಾಡಿ, ಕೊನೆಗೆ ಗದ್ದ ಹಿಡಿದು ಲಟಕ್ಕನೆ ಗೋಣು ತಿರುವುವ ರಿವಾಜು. ಪ್ರಾಯದಲ್ಲಿ ಅವರೂ ಎಷ್ಟೋ ಸಲ ಮಾಡಿಸಿಕೊಂಡಿದ್ದರಂತೆ. ಸಲೂನಿನವನು ಅದೇ ನಂಬಿಕೆಯಲ್ಲಿ ತಿರುವಿದ. ಲಟಕ್ ಎಂದಿತು. ತಿರುಗಿದ ಗೋಣು ಎಡಗಡೆಗೇ ನಿಂತುಬಿಟ್ಟಿತು.

ಅವರು ನಿಲ್ಲುವ ಕಂಬದ ಎಡಗಡೆಗೆ ಏನಿತ್ತು ಗೊತ್ತೇ? ನಮ್ಮ ಫ್ಯಾಮಿಲಿ ರೂಮು. ದೊಡ್ಡಣ್ಣ ಡ್ಯೂಟಿ ತಪ್ಪಿಸುವವರಲ್ಲ. ಅದೇ ಸ್ಥಿತಿಯಲ್ಲಿ ಬಂದು ಕಂಬದ ಪಕ್ಕ ನಿಂತರು. ಅಲ್ಲೊಬ್ಬಳು ಹೆಂಗಸು ಗಂಡನೊಂದಿಗೆ ಕೂತು ವಡೆ ತಿನ್ನುತ್ತಿದ್ದಳು. ದೊಡ್ಡಣ್ಣನ ದೃಷ್ಟಿ ಅವಳ ಮೇಲೆ. ಅವಳು ಸೆರಗು ಸರಿಮಾಡಿಕೊಂಡಳು. ದೃಷ್ಟಿ ಅಲ್ಲೇ. ಅವಳು ಗಂಡನಿಗೆ ಹೇಳಿದಳು. ಅವನು ಎದ್ದು ಬಂದ. "ಕ್ಯಾ ದೇಖ್ ರಹೇ ಹೋ ಅಂಕಲ್? ಉಮರ್ ದೇಖೋ ಅಪ್ನೀ!" ಎಂದು ವಯಸ್ಸು ನೆನಪಿಸಿ ರೇಗಿದ.

ದೊಡ್ಡಣ್ಣ ಗಾಬರಿಯಾಗಿ ಅವನ ಕಡೆ ನೋಡಲೆಂದು ಮೈಯನ್ನೇ ತಿರುಗಿಸಿದರು. ಈಗ ದೃಷ್ಟಿ ಹೋಗಿ ಇನ್ನೊಂದು ಮೇಜಿನ ಕಾಲೇಜು ಹುಡುಗಿಯರ ಮೇಲೆ ಕೂತಿತು. ರಾಮ ರಾಮಾ! ನಾನು ಗಲ್ಲಾಕ್ಕೆ ಬೀಗವನ್ನೂ ಹಾಕದೆ ಓಡಿ ಹೋಗಿ, "ಭಾಯಿಸಾಬ್, ಗರ್ದನ್ ಅಟಕ್ ಗಯಾ ಹೈ!" ಕುತ್ತಿಗೆ ಸಿಕ್ಕಿಕೊಂಡಿದೆ ಎಂದು ನನ್ನ ಹರಕು ಹಿಂದಿಯಲ್ಲಿ ಬೇಡಿಕೊಂಡೆ. ಆ ಗಂಡ ನಂಬದೆ ದೊಡ್ಡಣ್ಣನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಪರೀಕ್ಷಿಸಿದ. ಕಣ್ಣು ಮಾತ್ರ ತಿರುಗುತ್ತದೆ, ಮೋರೆ ತಿರುಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವನೇ ಮರುಗಿ, ತನ್ನ ತಾಯಿಗೂ ಹೀಗೇ ಆಗಿತ್ತು ಎಂದು ಒಂದು ಎಣ್ಣೆಯ ಹೆಸರು ಹೇಳಿ ಹೋದ.

ನಾನು ಮಾರನೇ ದಿನವೇ ದೊಡ್ಡಣ್ಣನನ್ನು ಮಾಟುಂಗಕ್ಕೆ ಎಳೆದುಕೊಂಡು ಹೋದೆ. ನಮ್ಮ ಭಾನುವಾರದ ಗಿರಾಕಿಯೊಬ್ಬರ ಮಗಳು ಅಲ್ಲಿ ಕೈರೋಪ್ರಾಕ್ಟರ್. ಹಾಗೆಂದರೆ ಬೆನ್ನು, ಕುತ್ತಿಗೆಯ ಕೀಲುಗಳನ್ನು ಕೈಯಿಂದಲೇ ಸಡಿಲಿಸಿ ದಾರಿಗೆ ತರುವವರು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳ ಕನ್ನಡ ನಮ್ಮ ದೊಡ್ಡಣ್ಣನ ಗೋಣಿನ ಹಾಗೆ ಅರ್ಧಕ್ಕೆ ನಿಂತು ನಿಂತು ಬರುತ್ತಿತ್ತು.

"ಅಂಕಲ್, ಕೈ ಜುಮ್ ಅಂತದಾ? ತಲೆ ತಿರುಗಿ ಚಕ್ಕರ್ ಬರ್ತದಾ?"

"ಚಿಕ್ಕ ಧಣಿಯನ್ನು ನೋಡಿದ್ರೆ ಬರ್ತದೆ" ಎಂದರು ದೊಡ್ಡಣ್ಣ.

ಅವಳು ನಗಲಿಲ್ಲ. ಮೊದಲು ಎಕ್ಸ್‌-ರೇ ತೆಗೆಸಿಕೊಂಡು ಬನ್ನಿ, ಆಮೇಲೆ ಕೈ ಹಾಕುತ್ತೇನೆ ಎಂದಳು. ಸಲೂನಿನ ಕಥೆ ಕೇಳಿ ಹಣೆ ಚಚ್ಚಿಕೊಂಡಳು. "ಅಲ್ಲಿ ಕಭೀ ನಹೀ ಹೋಗ್ಬೇಕು! ಈ ಏಜಲ್ಲಿ ಝಟ್ಕಾ ಕೊಟ್ರೆ ಡೇಂಜರ್. ಅಲ್ಲಿ ದಿಮಾಗಿಗೆ ಬ್ಲಡ್ ಹೋಗೋ ನಸ ಇರ್ತದೆ."

ಎಕ್ಸ್‌-ರೇ ಬಂದ ಮೇಲೆ ಅದನ್ನು ಬೆಳಕಿಗೆ ಹಿಡಿದು ತೋರಿಸಿದಳು. ಎರಡು ಎಲುಬುಗಳ ನಡುವೆ ಮೆತ್ತನೆಯ ಗಾದಿಯಂಥದ್ದು ಇರುತ್ತದಂತೆ. ವಯಸ್ಸಾದ ಹಾಗೆ ಅದರ ನೀರು ಆರಿ ತೆಳ್ಳಗಾಗುತ್ತದೆ, ಕೀಲುಗಳು ಬಿಗಿಯುತ್ತವೆ, ಸುತ್ತಲಿನ ಸ್ನಾಯುಗಳೂ ಹಿಡಿದುಕೊಳ್ಳುತ್ತವೆ. ಅದು ಎಲ್ಲರಿಗೂ ಇದ್ದದ್ದೇ. ಇವರಿಗೆ ಅದು ಒಂದು ಕಡೆ ಹೆಚ್ಚಾಗಿತ್ತು.

"ಟ್ವೆಂಟಿ ವರ್ಷದ ನೆಕ್ ವಾಪಸ್ ಬರಲ್ಲ ಅಂಕಲ್. ನಾನು ಸುಳ್ಳು ಹೇಳಲ್ಲ. ಪೇನ್ ಕಮ್ಮಿ ಆಗ್ಬಹುದು. ಸ್ವಲ್ಪ ಮೂವ್ಮೆಂಟ್ ಬರ್ಬಹುದು."

"ಸ್ವಲ್ಪ ಅಂದ್ರೆ ಎಷ್ಟು? ಮಸಾಲೆದೋಸೆವರೆಗೆ ಬರ್ತದಾ?"

ಅವಳು ನನ್ನ ಮುಖ ನೋಡಿದಳು. ನಾನು ಎದ್ದು ನಿಂತು ಇಡೀ ಮೆನುವನ್ನು ಕುತ್ತಿಗೆಯಲ್ಲಿ ಆಡಿ ತೋರಿಸಿದೆ. ಹುಡುಗಿ ಕುರ್ಚಿಯಲ್ಲಿ ಕುಸಿದು ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಸಾದಾವರೆಗೆ ಟ್ರೈ ಮಾಡುವಾ" ಎಂದಳು.

ಅವಳ ಕೈ ಮೆತ್ತಗೆ. ಭುಜ ಒತ್ತುವುದು, ಕುತ್ತಿಗೆಯ ಬುಡವನ್ನು ಬೆರಳಿನಿಂದ ಸಡಿಲಿಸುವುದು, ತಲೆಯನ್ನು ಅಂಗೈಯಲ್ಲಿ ಹಿಡಿದು ನಿಧಾನವಾಗಿ ಎಳೆಯುವುದು. ದೊಡ್ಡಣ್ಣನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಹೊರಗೆ ಬಂದವರೇ ಗೊಣಗಿದರು: "ಒಂದು ಸೌಂಡೂ ಬರ್ಲಿಲ್ಲ. ಸೌಂಡ್ ಇಲ್ಲದ್ದು ಎಂಥ ಟ್ರೀಟ್ಮೆಂಟು?" ಆದರೂ ಆ ರಾತ್ರಿ ಬಹಳ ದಿನಗಳ ಮೇಲೆ ಮಗ್ಗುಲು ಬದಲಿಸಿ ಮಲಗಿದರೆಂದು ಅತ್ತಿಗೆ ಮಾರನೇ ದಿನ ಫೋನಿನಲ್ಲಿ ಹೇಳಿದರು. ಹೊರಟ ನೋವು ಎಲ್ಲಿ ವಾಪಸ್ಸು ಬರುತ್ತದೋ ಎಂದು ಆಕೆ ಪಿಸುಗುಟ್ಟಿಯೇ ಹೇಳಿದರು.

ಗ್ರಹಚಾರ ಬಂದದ್ದು ವ್ಯಾಯಾಮದಿಂದ. ಗಂಟೆಗೊಮ್ಮೆ ಮಾಡಬೇಕು ಎಂದು ಡಾಕ್ಟರ್ ಹುಡುಗಿ ಹೇಳಿದ್ದಳು. ಗದ್ದ ಒಳಕ್ಕೆಳೆದು ಬಿಡುವುದು ಹತ್ತು ಸಲ. ತಲೆ ಹಿಂದಕ್ಕೆ ಹತ್ತು ಸಲ. ಬಲಕ್ಕೆ ತಿರುಗಿಸಿ ಹಿಡಿಯುವುದು, ಎಡಕ್ಕೆ ಬಗ್ಗಿಸುವುದು. ದೊಡ್ಡಣ್ಣ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಸೋಮವಾರ, ಮಧ್ಯಾಹ್ನದ ಬಿಡುವಿನ ಹೊತ್ತು, ಹಾಲಿನಲ್ಲಿ ಜನ ಬೆರಳೆಣಿಕೆ. ಅವರು ಎಂದಿನ ಹಾಗೆ ಕಂಬದ ಪಕ್ಕ ನಿಂತು ಶ್ರದ್ಧೆಯಿಂದ ವ್ಯಾಯಾಮ ಶುರುಮಾಡಿದರು.

ಕಿಂಡಿಯೊಳಗೆ ದೋಸೆಯವನು ನೋಡಿದ. ಉಪ್ಪಿಟ್ಟು. ಮತ್ತೊಂದು ಉಪ್ಪಿಟ್ಟು. ಇನ್ನೊಂದು. ಅವನಿಗೆ ಖುಷಿಯಾಗಿಬಿಟ್ಟಿತಂತೆ. ಅಣ್ಣಾರ ಗೋಣು ನೆಟ್ಟಗಾಗಿದೆ, ಯಾವುದೋ ದೊಡ್ಡ ಪಾರ್ಟಿ ಬಂದಿದೆ ಎಂದು. ನಾನು ಗಲ್ಲಾದಲ್ಲಿ ಸ್ವಲ್ಪ ಕಣ್ಣು ಮುಚ್ಚಿದ್ದೆ. ತೆರೆದು ನೋಡುತ್ತೇನೆ, ಕಿಂಡಿಯ ಹಲಗೆ ತುಂಬ ಉಪ್ಪಿಟ್ಟು, ಅದರ ಹಿಂದೆ ಇಡ್ಲಿಗಳ ಸಾಲು, ಕಾಫಿಯ ಲೋಟಗಳು. ಹಿಂದಿನಿಂದ ದೋಸೆಯವನ ಕೂಗು: "ಎತ್ಕೊಂಡ ಹೋಗ್ರೋ, ಆರ್ತಾವ! ದ್ವಾಸಿ ಹಾಕೇನಿ, ಬಂದ್ವು!"

ದೊಡ್ಡಣ್ಣ ಹತ್ತನೆಯ ಕಾಫಿ ಮುಗಿಸಿ ಕಣ್ಣು ತೆರೆದರು. ಅವರು ವ್ಯಾಯಾಮವನ್ನು ಕಣ್ಣು ಮುಚ್ಚಿ ಮಾಡುತ್ತಿದ್ದರು.

ಆ ದಿನ ನಾವೆಲ್ಲ ಮಧ್ಯಾಹ್ನಕ್ಕೂ ಉಪ್ಪಿಟ್ಟು, ರಾತ್ರಿಗೂ ಉಪ್ಪಿಟ್ಟು ತಿಂದೆವು. ಗಲ್ಲಿಯ ರಿಕ್ಷಾದವರಿಗೂ ಕೊಟ್ಟೆವು. ಅಂದಿನಿಂದ ದೊಡ್ಡಣ್ಣನ ವ್ಯಾಯಾಮವನ್ನು ಅಕ್ಕಿಮೂಟೆಗಳ ಕೋಣೆಗೆ ವರ್ಗಾಯಿಸಲಾಯಿತು. ಬಾಗಿಲು ಹಾಕಿಕೊಂಡೇ ಮಾಡತಕ್ಕದ್ದು ಎಂದು ಕಟ್ಟಪ್ಪಣೆ.

ಡಾಕ್ಟರ ಕೈಗುಣವೋ, ಮೂಟೆಗಳ ನಡುವಿನ ತಪಸ್ಸೋ, ಗುಣ ಕಂಡಿತು. ನೋವು ಬಹಳ ಮಟ್ಟಿಗೆ ಹೋಯಿತು. ರಸ್ತೆ ದಾಟುವಾಗ ಎಡಬಲ ನೋಡುವಷ್ಟಾಯಿತು. ಕಾಫಿ ಸಲೀಸು, ಉಪ್ಪಿಟ್ಟು ಸಲೀಸು, ಇಡ್ಲಿ ಪರವಾಗಿಲ್ಲ. ಸಾದಾ ದೋಸೆ ಹೋಗಿ ಬಂದು ಮಾಡುತ್ತಿತ್ತು. ಮಸಾಲೆಯ ಹತ್ತಿರ ಮಾತ್ರ ಗೋಣು ಸುಳಿಯಲೂ ಇಲ್ಲ. ಹಬ್ಬ ಬಂತು, ಗಣಪತಿ ನೀರಿಗೂ ಹೋದ. ಉಳಿದದ್ದು ಆ ಭಾನುವಾರ.

ಶನಿವಾರ ಸಂಜೆ ದೊಡ್ಡಣ್ಣ ಮನೆಗೆ ಹೊರಟ ಮೇಲೆ ದೋಸೆಯವನು ವೇಟರುಗಳನ್ನೆಲ್ಲ ಪಾತ್ರೆ ತೊಳೆಯುವ ಜಾಗಕ್ಕೆ ಕರೆದ. ನನ್ನನ್ನೂ ಕರೆದ.

"ನಾಳೆ ಅಣ್ಣಾರ ಗೋಣ ನೋಡಿ ನಾ ದ್ವಾಸಿ ಹಾಕಂಗಿಲ್ಲ. ನೀವು ಆರ್ಡರ್ ಅವರಿಗಿ ಹೇಳ್ರಿ, ಅವರ ಮರ್ಯಾದಿ ಅವರಿಗಿರ್ಲಿ. ಆಮ್ಯಾಲ ತಟ್ಟಿ ಇಡಾಕ ಬಂದಂಗ ಬಂದು, ಕಿಂಡ್ಯಾಗ ನನ್ನ ಕಿವ್ಯಾಗ ಹೇಳ್ರಿ. ಯಾವನರ ಬಾಯಿ ಬಿಟ್ಟ ಒದರಿದ್ರ ಕಾದ ಹಂಚಿನ ಮ್ಯಾಲ ಕುಂಡ್ರಸ್ತೀನಿ."

ಮುಂಗೋಪಿ ಎಂದೆನಲ್ಲ. ಅವನ ಕೋಪ ಎಂಥದ್ದು ಎಂದು ನನಗೆ ಅವತ್ತು ತಿಳಿಯಿತು.

ಭಾನುವಾರ ಚಿಕ್ಕ ಧಣಿ ಕೈ ಕಟ್ಟಿಕೊಂಡು ನನ್ನ ಗಲ್ಲಾದ ಪಕ್ಕವೇ ನಿಂತ. ಹಾಲ್ ತುಂಬಿತು. ದೊಡ್ಡಣ್ಣ ಬಿಳಿ ಶರ್ಟು ಹಾಕಿ, ಕಂಬದ ಪಕ್ಕ ನಿಂತು ಗೋಣು ಆಡಿಸಿದರು. ವೇಟರುಗಳು ಅವರಿಗೆ ಹೇಳುವುದು, ಕಿಂಡಿಗೆ ಹೋಗುವುದು, ತುಟಿ ಅಲುಗಿದ್ದು ಕಾಣದ ಹಾಗೆ ಪಿಸುಗುಡುವುದು. ನಾನು ಎಣಿಸಿದ ಚಿಲ್ಲರೆಯನ್ನೇ ಮತ್ತೆ ಮತ್ತೆ ಎಣಿಸಿದೆ. ಆದರೆ ಮಸಾಲೆ ಕೇಳಿದಲ್ಲಿಗೆ ಮಸಾಲೆ ಬಂತು, ಸಾದಾ ಕೇಳಿದಲ್ಲಿಗೆ ಸಾದಾ ಬಂತು. ಒಂದೇ ಒಂದು ತಟ್ಟೆ ವಾಪಸ್ಸಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಿಕ್ಕ ಧಣಿ ಹೋಗಿ ದೊಡ್ಡಣ್ಣನ ಕೈ ಕುಲುಕಿದ. ಟ್ಯಾಬ್ಲೆಟ್ಟಿನ ಪೆಟ್ಟಿಗೆಗಳು ಬಂದ ದಾರಿಯಲ್ಲೇ ಹೋದವು.

ಆಮೇಲೆ ದೊಡ್ಡಣ್ಣ ಎಷ್ಟೋ ವರ್ಷ ನಿಂತರು. ಪಿಸುಗುಟ್ಟುವುದೂ ಅಷ್ಟೂ ವರ್ಷ ನಡೆಯಿತು. ಹೊಸ ವೇಟರ್ ಬಂದರೆ ಮೊದಲು ಕಲಿಸುವ ಪಾಠವೇ ಅದು. ಅವರೋ, ಮಾಟುಂಗದ ಡಾಕ್ಟರನ್ನು ಕಂಡಕಂಡವರ ಎದುರು ಹೊಗಳಿದ್ದೇ ಹೊಗಳಿದ್ದು. ಕನ್ನಡ ಸಂಘದ ಅರ್ಧ ಕುತ್ತಿಗೆಗಳನ್ನು ಅವರೇ ಅಲ್ಲಿಗೆ ಕಳಿಸಿದರು. "ಸೌಂಡ್ ಮಾಡ್ಲಿಕ್ಕಿಲ್ಲ, ಹೆದರ್ಬೇಡಿ" ಎಂದು ಹೇಳಿ ಕಳಿಸುತ್ತಿದ್ದರು. ಕೇಳಿಸಿಕೊಂಡಾಗಲೆಲ್ಲ ನನಗೆ ಒಳಗೊಳಗೇ ನಗು, ಒಳಗೊಳಗೇ ಸಂಕಟ. ಪಾಪ, ಏನೂ ಗೊತ್ತಿಲ್ಲ ಮುದುಕನಿಗೆ ಎಂದುಕೊಳ್ಳುತ್ತಿದ್ದೆ.

ಅವರು ಕೆಲಸ ಬಿಟ್ಟ ದಿನ ಹಾರ ಹಾಕುವಾಗ ದೋಸೆಯವನು, "ಸಣ್ಣ ಹಾರ ತರ್ರೋ, ಗೋಣ ನೋವಾಕ್ಕೈತಿ" ಎಂದು ಎಲ್ಲರಿಗೂ ಗದರಿ, ತಾನು ಮಾತ್ರ ಅಡುಗೆಮನೆಗೆ ಹೋಗಿ ಮೂಗು ಒರೆಸಿಕೊಂಡ. ಸಂಜೆ ನಾನು ದೊಡ್ಡಣ್ಣನನ್ನು ಸ್ಟೇಷನ್ನಿನವರೆಗೆ ಬಿಡಲು ಹೋದೆ. ದಾದರ್ ಕಡೆಯ ಸ್ಲೋ ಲೋಕಲ್ ತಡವಿತ್ತು. ಬೆಂಚಿನಲ್ಲಿ ಜಾಗವಿದ್ದರೂ ಅವರು ಕೂರಲಿಲ್ಲ.

"ಆ ಭಾನುವಾರ ನೆನಪುಂಟಾ?" ಎಂದು ಕೇಳಿದರು.

"ಉಂಟು. ಮರೀಲಿಕ್ಕುಂಟಾ?"

"ಜನ ತುಂಬಿದ್ದ ಹೊತ್ತು. ಒಂದು ಮೇಜಿನವ್ರು ಮಸಾಲೆದೋಸೆ ಕೇಳಿದ್ರು. ನಾನು ಬೇಕಂತ್ಲೇ ಗದ್ದ ಒಳಗೆ ಎಳ್ದು ಉಪ್ಪಿಟ್ಟು ಅಂತ ತೋರಿಸ್ದೆ."

ನನಗೆ ಅರ್ಥವಾಗಲಿಲ್ಲ. "ಯಾಕೆ? ಚಿಕ್ಕ ಧಣಿ ನೋಡ್ತಾ ನಿಂತಿರುವಾಗ?"

"ಎಲ್ಲ ಸರೀ ಬರ್ತಾ ಇತ್ತಲ್ಲ, ಅದಕ್ಕೆ ಸಂಶಯ ಬಂತು. ನನ್ನ ಗೋಣು ಎಲ್ಲಿವರೆಗೆ ಹೋಗ್ತದೆ ಅಂತ ನಂಗೆ ಗೊತ್ತಿಲ್ವಾ? ಉಪ್ಪಿಟ್ಟು ತೋರಿಸ್ದೆ, ಬಂದದ್ದು ಮಸಾಲೆದೋಸೆ."

ನಾನು ಹಳಿಯ ಕಡೆ ನೋಡಿದೆ. ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

"ಮತ್ತೆ ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲವಲ್ಲ ನೀವು! ಗೊತ್ತಾದ ಮೇಲೂ ದಿನಾ ನಿಂತ್ರಲ್ಲ!"

ಲೋಕಲ್ ಬಂತು. ದೊಡ್ಡಣ್ಣ ಮೆಲ್ಲಗೆ ಹತ್ತಿ, ಬಾಗಿಲ ಕಂಬಿ ಹಿಡಿದು, ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿ ನಿಂತರು.

"ಅಷ್ಟು ಜನ ಸೇರಿ ನನ್ನನ್ನು ಎತ್ತಿ ಹಿಡಿದು ನಿಲ್ಲಿಸಿರುವಾಗ, ನಾನು ಹೇಗೆ ಕೂರೋದು ಮಾರಾಯ?"